ಮಳೆಗಾಲದಲ್ಲಿ ಕರಾವಳಿ ಕಡೆ ಹೊರಟಿದ್ದೇವೆ: ಸೋಪು, ಟವೆಲು, ಪ್ಯಾಡು ಹೇಗೆ ಕಟ್ಟಿಕೊಳ್ಳಬೇಕು?

ಜವಾರಿಜೋಳ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಮನೆಮಂದಿಯೆಲ್ಲ ವಿಜಯಪುರ-ಮಂಗಳೂರು ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದೇವೆ. ಸರ್ಪಸಂಸ್ಕಾರಕ್ಕೆ ಅಲ್ಲಿ ಎರಡು ದಿನ ಇರಬೇಕು. ಆಮೇಲೆ ಧರ್ಮಸ್ಥಳ, ಉಡುಪಿ, ಕೊಲ್ಲೂರು, ಕೊನೆಗೆ ಶೃಂಗೇರಿ. ಅತ್ತೆಯವರು, ಪಿಯುಸಿ ಓದುವ ಮಗಳು, ಸಣ್ಣ ಮಗ ಜೊತೆಗಿರುತ್ತಾರೆ.

ನಮ್ಮ ಕಡೆ ಹವೆ ಒಣ. ಹಸಿ ಟವೆಲನ್ನು ಹಗ್ಗಕ್ಕೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಆ ಕಡೆ ಹೋಗಿ ಬಂದವರು ಬೇರೆಯೇ ಹೇಳುತ್ತಾರೆ. ಸೋಪು ಡಬ್ಬಿಯಲ್ಲೇ ಕರಗಿ ಲೋಳೆ ಆಗುತ್ತದಂತೆ. ಒಳಬಟ್ಟೆ ಒಣಗುವುದಿಲ್ಲವಂತೆ. ತೊಡೆ ಸಂದಿನಲ್ಲಿ ತುರಿಕೆ ಶುರುವಾದರೆ ಊರಿಗೆ ಬಂದರೂ ಬಿಡುವುದಿಲ್ಲವಂತೆ. ಮಗಳ ಮುಟ್ಟಿನ ದಿನಗಳೂ ಅದೇ ಹೊತ್ತಿಗೆ ಬರುತ್ತವೆ.

ಯಾವ ಸೋಪು ಒಯ್ಯಬೇಕು, ಹೇಗೆ ಇಡಬೇಕು, ಬೇರೆ ಏನು ಬೇಕು? ಅಲ್ಲಿಯವರೇ ಹೇಳಿದರೆ ಚೆನ್ನ.

ಕುಂದಾಪ್ರದ ಗಾಳಿ

ಅಕ್ಕಾ, ಮೊದಲು ಒಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಸ್ವಚ್ಛ ಅಂದರೆ ತೊಳೆಯುವುದಕ್ಕಿಂತ ಒಣಗಿಸುವುದು. ತೊಳೆಯಲು ನೀರಿಗೆ ಬರವಿಲ್ಲ, ದಿನಕ್ಕೆ ಮೂರು ಸಲ ಮಿಂದರೂ ಯಾರೂ ಕೇಳುವುದಿಲ್ಲ. ಮಿಂದ ಮೇಲೆ ಮೈ, ಟವೆಲು, ಸೋಪು, ಬ್ರಷ್ಷು ಒಣಗಬೇಕಲ್ಲ, ಕಷ್ಟ ಅಲ್ಲಿದೆ. ಗಾಳಿಯಲ್ಲೇ ನೀರು ತುಂಬಿರುವಾಗ ಅದು ಇನ್ನಷ್ಟು ನೀರನ್ನು ಎಳೆದುಕೊಳ್ಳುವುದಿಲ್ಲ ಮಾರಾಯ್ರೆ. ಹಾಗಾಗಿ ಏನು ಕಟ್ಟಿಕೊಳ್ಳುವಾಗಲೂ "ಇದು ಒದ್ದೆಯಾದರೆ ಹೇಗೆ ಒಣಗುತ್ತದೆ?" ಅಂತ ಕೇಳಿಕೊಳ್ಳಿ.

ಸೋಪಿನ ವಿಷಯ. ಇಡೀ ಸೋಪು ತರಬೇಡಿ. ಹೊಸ ಸೋಪನ್ನು ಗಟ್ಟಿ ದಾರದಿಂದ ಇಲ್ಲವೇ ಚಾಕುವಿನಿಂದ ನಾಲ್ಕು ತುಂಡು ಮಾಡಿ. ಒಬ್ಬರಿಗೆ ಒಂದು ತುಂಡು. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ. ಅದರೊಳಗೆ ಸೋಪು ತನ್ನ ನೀರಿನಲ್ಲೇ ನೆನೆಯುತ್ತಾ ಕೂರುತ್ತದೆ. ಬದಲಿಗೆ ಬೆಳ್ಳುಳ್ಳಿ ಮಾರುವ ಬಲೆಚೀಲ ಇರುತ್ತದಲ್ಲ, ಅದರಲ್ಲಿ ಹಾಕಿ ನಲ್ಲಿಗೋ ಕಿಟಕಿ ಸರಳಿಗೋ ನೇತುಹಾಕಿ. ನೀರು ಸೋರಿ ಹೋಗುತ್ತದೆ, ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ಬಲೆಯ ಮೇಲಿಂದಲೇ ಉಜ್ಜಿದರೆ ನೊರೆಯೂ ಬರುತ್ತದೆ. ಮನೆಯಲ್ಲಿ ನಾವು ಸೋಪಿನ ಅಡಿಗೆ ಒಂದು ಹಿಡಿ ತೆಂಗಿನ ನಾರು ಹಾಕುತ್ತೇವೆ. ಅದೂ ಒಳ್ಳೆಯ ಉಪಾಯ, ದುಡ್ಡು ಕೊಡುವ ಕೆಲಸವಿಲ್ಲ.

ಟವೆಲು ಅಂದರೆ ದಪ್ಪ ಟರ್ಕಿ ಟವೆಲು ತರಬೇಡಿ. ನಮ್ಮಲ್ಲಿ ಬೈರಾಸು ಅಂತ ತೆಳು ಹತ್ತಿಯದ್ದು ಸಿಗುತ್ತದೆ. ಹಿಂಡಿ ಫ್ಯಾನಿನಡಿ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಒಬ್ಬರಿಗೆ ಎರಡು ಇರಲಿ.

ರಸಾಯನದ ಮೇಷ್ಟ್ರು (ರಾಯಚೂರು)

ಕುಂದಾಪುರದವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಮೇಡಂ, ನಿಮ್ಮ ಊರಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಷ್ಟು ಆಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವುದು ಅದೇ. ಅಷ್ಟು ಸೋಪು ಹೀಗೆ ಹಾಳಾದ ಮೇಲೆ ನೊರೆ ಬರುತ್ತದೆ. ಅದಕ್ಕೇ ನಮ್ಮ ಕಡೆಯವರ ಕೈ ಸೋಪಿನ ವಿಷಯದಲ್ಲಿ ಧಾರಾಳ.

ಕರಾವಳಿ, ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಒಂದೆರಡು ಸಲ ಉಜ್ಜಿದರೆ ಕೈತುಂಬ ನೊರೆ. ತೊಳೆದ ಮೇಲೂ ಮೈ ಜಾರುತ್ತಲೇ ಇರುತ್ತದೆ, ಸೋಪು ಇನ್ನೂ ಹೋಗಿಲ್ಲ ಅನಿಸುತ್ತದೆ. ಗಷ್ಟು ಇಲ್ಲದ ಚರ್ಮ ಹಾಗೇ ಇರುವುದು, ಗಾಬರಿ ಬೇಡ. ಮನೆಯಲ್ಲಿ ಹಾಕುವುದರ ಅರ್ಧ ಸೋಪು ಸಾಕು. ಬಟ್ಟೆ ಸೋಪಿಗೂ ಇದೇ ಲೆಕ್ಕ. ಒಳಬಟ್ಟೆಗೆ ಜಾಸ್ತಿ ಸೋಪು ಹಾಕಿ ಸರಿಯಾಗಿ ಜಾಲಿಸದಿದ್ದರೆ ಉಳಿದ ಸೋಪೇ ಬೆವರಿನ ಜೊತೆ ಸೇರಿ ಉರಿಸುತ್ತದೆ.

ಒಂದು ಎಚ್ಚರಿಕೆ. ಸಮುದ್ರಕ್ಕೆ ತೀರಾ ಹತ್ತಿರದ ಕೆಲವು ಬಾವಿಗಳಲ್ಲಿ ನೀರು ಉಪ್ಪಾಗಿರುತ್ತದೆ, ಹೆಚ್ಚಾಗಿ ಬೇಸಿಗೆಯಲ್ಲಿ. ಅಲ್ಲಿ ಮಾಮೂಲಿ ಸೋಪು ನೊರೆ ಕೊಡುವುದಿಲ್ಲ. ತೆಂಗಿನೆಣ್ಣೆಯಿಂದ ಮಾಡಿದ ಸೋಪು ಉಪ್ಪುನೀರಿನಲ್ಲೂ ಅಷ್ಟಿಷ್ಟು ನೊರೆ ಬಿಡುತ್ತದೆ. ಹಡಗಿನವರಿಗೆ ಅಂತ ಹಿಂದೆ ತಯಾರಾಗುತ್ತಿದ್ದದ್ದು ಅಂಥದೇ ಸೋಪು.

ಕೊಳ್ಳುವಾಗ ಹೊದಿಕೆಯ ಮೇಲೆ ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, ಶೇಕಡಾ ಲೆಕ್ಕದಲ್ಲಿ) ಅಂತ ಬರೆದಿರುವ ಅಂಕಿ ನೋಡಿ. 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಮೂರನೆಯದು. ಅಂಕಿ ಕಡಿಮೆ ಆದಷ್ಟೂ ಸೋಪಿನಲ್ಲಿ ಬೇರೆ ಪುಡಿ ತುಂಬಿರುತ್ತದೆ, ಹಸಿಯಲ್ಲಿ ಬೇಗ ಮೆತ್ತಗಾಗುತ್ತದೆ. ಗಾಜಿನ ಹಾಗೆ ಆಚೆ ಬದಿ ಕಾಣುವ ಗ್ಲಿಸರಿನ್ ಸೋಪು ಈ ಪ್ರಯಾಣಕ್ಕೆ ಬೇಡ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸುಮ್ನೆ ಇಟ್ಟರೂ ಮೇಲೆ ಹನಿ ಕಟ್ಟುತ್ತದೆ.

ಮಲ್ಲಿಗೆದಂಡೆ (ಮೈಸೂರು)

ಹಿಂದಿನವರು ಸೋಪು ತಂದ ಕೂಡಲೇ ಬಳಸುತ್ತಿರಲಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಹೊದಿಕೆ ಬಿಚ್ಚಿ ಟ್ರಂಕಿನ ಸೀರೆಗಳ ನಡುವೆ ಇಡುತ್ತಿದ್ದರು. ಸೀರೆಗೆ ಗಂಧದ ವಾಸನೆ ಬರುತ್ತಿತ್ತು, ಸೋಪಿನ ಒಳಗಿನ ನೀರಿನಂಶ ಆರಿ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅಂಥ ಸೋಪು ಬೇಗ ಸವೆಯುವುದಿಲ್ಲ. ಅದರ ಟಿಎಫ್‌ಎಂ 80, ಮೇಷ್ಟ್ರು ಹೇಳಿದ ಲೆಕ್ಕಕ್ಕೂ ಸರಿಹೋಗುತ್ತದೆ. ವಿಜಯಪುರದ ಅಕ್ಕ, ನಿಮ್ಮ ಒಣ ಹವೆಯೇ ಇಲ್ಲಿ ನಿಮಗೆ ಅನುಕೂಲ. ಈಗಲೇ ತುಂಡು ಮಾಡಿ ನೆರಳಲ್ಲಿ ಒಣಗಲು ಇಡಿ. ಹೊರಡುವ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಜವಾರಿಜೋಳ (ವಿಜಯಪುರ)

ಮೇಷ್ಟ್ರೇ, ನೀರಿನ ಈ ವಿಷಯ ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ. ಸೋಪು ಇವತ್ತೇ ತುಂಡು ಮಾಡುತ್ತೇನೆ. ಪೇಪರ್ ಸೋಪು, ಲಿಕ್ವಿಡ್ ಸೋಪು, ಸ್ಯಾನಿಟೈಸರ್ ಇದರಲ್ಲಿ ಯಾವುದು ಬೇಕು? ರೈಲಿನಲ್ಲೇ ಒಂದು ರಾತ್ರಿ ಕಳೆಯುತ್ತದೆ, ಮಗನಿಗೆ ಕೈ ತೊಳೆಸುವುದೇ ದೊಡ್ಡ ಕೆಲಸ.

ಘಟ್ಟದ ದಾರಿ

ಪೇಪರ್ ಸೋಪು ಚಳಿಗಾಲದಲ್ಲಿ, ಒಣ ಊರಿನಲ್ಲಿ ಒಳ್ಳೆಯದು. ಮಳೆಗಾಲದ ಘಟ್ಟದಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಡಬ್ಬಿ ಒಂದೇ ಮುದ್ದೆಯಾಗುತ್ತದೆ. ಒದ್ದೆ ಬೆರಳಿನಿಂದ ಒಂದು ಸಲ ತೆಗೆದರೂ ಸಾಕು. ಅದರ ಬದಲು ಸೋಪಿನ ಸಣ್ಣ ಚೂರುಗಳನ್ನು ಹಳೆ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದು ಚೂರು, ತೊಳೆದ ಮೇಲೆ ಉಳಿಯುವುದೇ ಇಲ್ಲ. ಚೂಪಾದ ಚಾಕುವಿನಿಂದ ಹೆರೆದರೆ ಐದು ನಿಮಿಷದ ಕೆಲಸ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಆ ಸಾಮಾನಿನ ಚೀಲದ ತಳದಲ್ಲಿ ಹಾಕಿಡಿ. ಮಗನ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ.

ಲಿಕ್ವಿಡ್ ತರುವುದಾದರೆ ಒತ್ತುವ ಪಂಪಿನ ಬಾಟಲಿ ಬೇಡ, ಚೀಲದಲ್ಲಿ ತಾನೇ ಒತ್ತಿಕೊಂಡು ಸೋರುತ್ತದೆ. ತಿರುಗಿಸುವ ಮುಚ್ಚಳದ ಸಣ್ಣ ಬಾಟಲಿ ತನ್ನಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಮುಚ್ಚಳ ತಿರುಗಿಸಿ.

ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಶೇ. 60ಕ್ಕಿಂತ ಕಡಿಮೆ ಇರಬಾರದು. ಆದರೆ ಕೈಗೆ ಕೆಸರೋ ಎಣ್ಣೆಯೋ ಅಂಟಿದ್ದರೆ ಅದು ಕೆಲಸ ಮಾಡುವುದಿಲ್ಲ. ಕೆಲವು ಬಗೆಯ ವಾಂತಿಭೇದಿ ವೈರಸ್‌ಗಳಿಗೂ ಅದು ಸಾಲದು. ಊಟಕ್ಕೆ ಮೊದಲು, ಶೌಚಾಲಯದಿಂದ ಬಂದ ಮೇಲೆ ಸೋಪು ನೀರೇ ಬೇಕು. ರೈಲಿನಲ್ಲಿ ನಲ್ಲಿ ಒತ್ತಿ ಹಿಡಿದರೆ ಮಾತ್ರ ನೀರು ಬರುತ್ತದೆ. ಒಂದು ಬಾಟಲಿ ನೀರು ಇಟ್ಟುಕೊಂಡು ನೀವು ಹೊಯ್ಯಿರಿ, ಮಗ ಇಪ್ಪತ್ತು ಸೆಕೆಂಡು ಉಜ್ಜಲಿ.

ಚರ್ಮದ ಡಾಕ್ಟರ್ (ಮಂಗಳೂರು)

ಮಳೆಗಾಲ ಬಂತೆಂದರೆ ನಮ್ಮ ಹೊರರೋಗಿ ವಿಭಾಗದಲ್ಲಿ ಅರ್ಧದಷ್ಟು ಜನ ತುರಿಕೆಯವರೇ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನಿಸಿತು.

ಗಜಕರ್ಣ, ಚಿಬ್ಬು ಎರಡೂ ಶಿಲೀಂಧ್ರದಿಂದ ಬರುವವು. ಬೂಸ್ಟಿನ ಜಾತಿ ಅಂದುಕೊಳ್ಳಿ. ಬಿಸಿ, ತೇವ, ಗಾಳಿಯಾಡದ ಜಾಗ ಸಿಕ್ಕರೆ ಬೆಳೆಯುತ್ತವೆ. ತೊಡೆ ಸಂದು, ಕಂಕುಳು, ಸ್ತನದ ಕೆಳಭಾಗ, ಸೊಂಟಕ್ಕೆ ಲಂಗದ ಲಾಡಿ ಬಿಗಿಯುವ ಜಾಗ, ಕಾಲ್ಬೆರಳ ಸಂದು. ಹಿರಿಯ ಹೆಂಗಸರಲ್ಲಿ ಲಾಡಿಯ ಜಾಗವನ್ನು ಯಾರೂ ಗಮನಿಸುವುದಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರಂತೂ ಜಾಸ್ತಿ ಎಚ್ಚರ ಬೇಕು.

ಮಾಡಬೇಕಾದದ್ದು ಇಷ್ಟೇ. ಮಿಂದ ಮೇಲೆ ಈ ಸಂದುಗಳನ್ನು ಉಜ್ಜದೆ, ಒತ್ತಿ ಒತ್ತಿ ಒರೆಸಿ. ಐದು ನಿಮಿಷ ಫ್ಯಾನಿನ ಕೆಳಗೆ ಕೂತು ಆಮೇಲೆ ಬಟ್ಟೆ ಹಾಕಿಕೊಳ್ಳಿ. ಒಳಬಟ್ಟೆ ಹತ್ತಿಯದ್ದು, ಸಡಿಲವಾದದ್ದು ಇರಲಿ. ಅರ್ಧ ಒಣಗಿದ್ದನ್ನು "ಮೈಮೇಲೆ ಒಣಗುತ್ತದೆ ಬಿಡು" ಅಂತ ಹಾಕಬೇಡಿ. ಟವೆಲು ಹಂಚಿಕೊಳ್ಳಬೇಡಿ, ಅಮ್ಮ ಮಗುವಿನ ನಡುವೆ ಕೂಡ. ಜೀನ್ಸ್ ಮನೆಯಲ್ಲೇ ಬಿಟ್ಟು ಬನ್ನಿ.

ಸೋಪಿನ ವಿಷಯದಲ್ಲಿ ದಿನಕ್ಕೆ ಒಂದು ಸಲ ಸಾಕು. ಬೆವರಿದಾಗ ಬರೀ ನೀರಿನಲ್ಲಿ ಮೀಯಬಹುದು. ಚರ್ಮದ ಮೇಲ್ಪದರ ತುಸು ಹುಳಿ ಗುಣದ್ದು, ಸೋಪು ಕ್ಷಾರ. ಮತ್ತೆ ಮತ್ತೆ ಹಚ್ಚಿದರೆ ಆ ಕಾವಲು ಹೋಗುತ್ತದೆ. ಕ್ರಿಮಿನಾಶಕ ಸೋಪೇ ಬೇಕೆಂದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ಪದಾರ್ಥಗಳನ್ನು ಮನೆಬಳಕೆಯ ಇಂಥ ಸೋಪುಗಳಲ್ಲಿ ಹಾಕಬಾರದು ಅಂದಿತು. ಮಾಮೂಲಿ ಸೋಪಿಗಿಂತ ಇವು ಮೇಲು ಅಂತ ತಯಾರಕರು ತೋರಿಸಿಕೊಟ್ಟಿರಲಿಲ್ಲ.

ಈಗ ಮುಖ್ಯ ವಿಷಯ. ತುರಿಕೆ ಬಂದರೆ ಮೆಡಿಕಲ್ ಶಾಪಿನಲ್ಲಿ "ಏನಾದರೂ ಮುಲಾಮು ಕೊಡಿ" ಅನ್ನಬೇಡಿ, ದಯವಿಟ್ಟು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. "ಊರಿಗೆ ಬಂದರೂ ಬಿಡುವುದಿಲ್ಲ" ಅಂತ ನೀವು ಕೇಳಿದ್ದಕ್ಕೆ ಇದೂ ಒಂದು ಕಾರಣ. ಬರೀ ಕ್ಲೋಟ್ರಿಮಜೋಲ್ (ಶಿಲೀಂಧ್ರಕ್ಕೆ ಕೊಡುವ ಮದ್ದು) ಇರುವ ಒಂದು ಕ್ರೀಮನ್ನು ನಿಮ್ಮ ಊರಿನ ಡಾಕ್ಟರನ್ನು ಕೇಳಿ ತಂದಿಟ್ಟುಕೊಳ್ಳಿ. ಹಚ್ಚಿದರೆ, ಕಲೆ ಹೋದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಿ.

ಹಳೇಬೇರು

ಡಾಕ್ಟರೇ, ನಮ್ಮ ಮನೆಯಲ್ಲಿ ಬೇಸಿಗೆ ಮಳೆಗಾಲ ಎನ್ನದೆ ಮೈತುಂಬಾ ಪೌಡರ್ ಹಾಕುತ್ತೇವೆ. ಬೆವರುಸಾಲೆಗೆ ಅದೇ ಮದ್ದು ಅಂತ ದೊಡ್ಡವರು ಹೇಳಿಕೊಟ್ಟದ್ದು. ಈಗ ಕೆಲವರು ಅದನ್ನು ಬಿಡಿ ಅನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ನೀವೇನು ಹೇಳುತ್ತೀರಿ?

ಚರ್ಮದ ಡಾಕ್ಟರ್ (ಮಂಗಳೂರು)

ಬೆನ್ನಿಗೆ, ಕುತ್ತಿಗೆಗೆ, ಪೂರ್ತಿ ಒಣಗಿದ ಮೈಗೆ ತೆಳ್ಳಗೆ ಹಾಕಿದರೆ ನನ್ನ ತಕರಾರಿಲ್ಲ. ಸಂದುಗಳಿಗೆ ಬೇಡ ಅನ್ನುತ್ತೇನೆ. ಅಲ್ಲಿ ಪೌಡರ್ ಬೆವರಿನ ಜೊತೆ ಕಲಸಿ ಮುದ್ದೆಯಾಗುತ್ತದೆ, ಉಜ್ಜಿ ಗಾಯ ಮಾಡುತ್ತದೆ. ಬೆವರುಸಾಲೆ ಬರುವುದು ಬೆವರಿನ ಬಾಯಿ ಕಟ್ಟಿದಾಗ. ತಣ್ಣೀರು, ಗಾಳಿ, ಸಡಿಲ ಬಟ್ಟೆ ಇಷ್ಟೇ ಅದಕ್ಕೆ ಬೇಕು. ಸಣ್ಣ ಮಕ್ಕಳ ಮುಖದ ಹತ್ತಿರ ಪೌಡರ್ ಕೊಡವುವುದಂತೂ ಬೇಡ, ಉಸಿರಿನಲ್ಲಿ ಒಳಗೆ ಹೋಗುತ್ತದೆ.

ತೀರ್ಥಹಳ್ಳಿ ಹೆಣ್ಣುಮಗಳು

ಬಟ್ಟೆಯ ವಿಷಯ ನಾನು ಹೇಳುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ನಾವು ಬಟ್ಟೆ ಒಣಗಿಸುವುದು ಬಿಸಿಲಿನಲ್ಲಿ ಅಲ್ಲ, ಬಚ್ಚಲ ಒಲೆಯ ಕಾವಿನಲ್ಲಿ. ಹಂಡೆಯ ಮೇಲಿನ ಗಳಕ್ಕೆ ಹಾಕುತ್ತೇವೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಒಣಗುವುದು ಮಾತ್ರ ಪಕ್ಕಾ. ಶೃಂಗೇರಿ ಕಡೆ ಹೋಮ್‌ಸ್ಟೇಯಲ್ಲಿ ಉಳಿದರೆ ಸಂಕೋಚಪಡದೆ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

ಛತ್ರ, ಲಾಡ್ಜಿನಲ್ಲಿ ಆದರೆ ಹೀಗೆ ಮಾಡಿ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯ ಹಾಗೆ ಸುತ್ತಿ, ಮೇಲೆ ಮೊಣಕಾಲು ಊರಿ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ. ಆಮೇಲೆ ಫ್ಯಾನಿನಡಿ ಹಗ್ಗ ಕಟ್ಟಿ, ಒಂದರ ಮೇಲೊಂದು ಬೀಳದಂತೆ ಹಾಕಿ. ಹಗ್ಗ, ನಾಲ್ಕು ಕ್ಲಿಪ್ಪು ಮರೆಯಬೇಡಿ. ಡಿಟರ್ಜೆಂಟ್ ಪುಡಿ ಗಡ್ಡೆ ಕಟ್ಟುತ್ತದೆ. ಬಟ್ಟೆ ಸೋಪಿನ ಒಂದು ತುಂಡು ಸಾಕು. ಒದ್ದೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತುವುದಾದರೆ, ಇಳಿದ ಕೂಡಲೇ ಚೀಲ ಬಿಚ್ಚಿ ಹರವಿ. ಮುಚ್ಚಿದ ಪ್ಲಾಸ್ಟಿಕ್ಕಿನಲ್ಲಿ ಒಂದು ರಾತ್ರಿ ಉಳಿದರೆ ಕಪ್ಪು ಚುಕ್ಕೆ ಬೀಳಬಹುದು. ಅದು ಬೂಸ್ಟು, ಸುಲಭಕ್ಕೆ ಹೋಗುವುದಿಲ್ಲ.

ಕಾಲಿಗೆ ರಬ್ಬರ್ ಚಪ್ಪಲಿ. ಶೂ, ಕಾಲುಚೀಲ ಒದ್ದೆಯಾದರೆ ಪ್ರವಾಸ ಮುಗಿದರೂ ಒಣಗುವುದಿಲ್ಲ. ಕಾಲಿಗೆ ಗಾಯವಿದ್ದರೆ ನಿಂತ ನೀರಿನಲ್ಲಿ ನಡೆಯಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಅದರ ಭಯ ಇದ್ದದ್ದೇ. ರೂಮಿಗೆ ಬಂದ ಮೇಲೆ ಪಾದ ಸೋಪಿನಲ್ಲಿ ತೊಳೆದು ಬೆರಳ ಸಂದು ಒರೆಸಿ. ಇಂಬಳ (ಕಾಡಿನ ಜಿಗಣೆ) ಹತ್ತಿದರೆ ಉಪ್ಪು ಇಲ್ಲವೇ ಸುಣ್ಣ ಮುಟ್ಟಿಸಿ, ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಇದನ್ನು ಓದಿ ಬೇಸಿಗೆಯಲ್ಲಿ ಬರುವವರಿಗೆ ಒಂದು ಮಾತು. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಾಡುಗಳಲ್ಲಿ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ.

ಉಡುಪಿಯ ನರ್ಸಕ್ಕ

ಮಗಳ ವಿಷಯ ಬರೆದಿದ್ದೀರಿ, ಸಂಕೋಚವಿಲ್ಲದೆ ಕೇಳಿದ್ದಕ್ಕೆ ಖುಷಿಯಾಯಿತು. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೆ ಬದಲಿಸಬೇಕು. ತುಂಬಿಲ್ಲ ಅಂತ ಇಡೀ ದಿನ ಇಟ್ಟುಕೊಂಡರೆ ಈ ಸೆಖೆಯಲ್ಲಿ ತೊಡೆ ಸಂದು ಕೆಂಪಾಗುತ್ತದೆ. ಮೇಲ್ಪದರ ಹತ್ತಿಯದ್ದಿದ್ದರೆ ಉಜ್ಜುವುದು ಕಡಿಮೆ. ಪ್ಯಾಕು ಒಡೆದ ಮೇಲೆ ತೇವ ತಾಗದಂತೆ ಜಿಪ್ ಇರುವ ಕವರಿನಲ್ಲಿ ಇಡಿ. ಸೋಪಿಗೆ ಗಾಳಿ ಬೇಕು, ಪ್ಯಾಡಿಗೆ ಗಾಳಿ ತಾಗಬಾರದು. ಎರಡನ್ನೂ ಒಂದೇ ಚೀಲದಲ್ಲಿ ಹಾಕಬೇಡಿ.

ಬಟ್ಟೆಯ ಪ್ಯಾಡು ಬಳಸುವವಳಾದರೆ ಈ ಪ್ರಯಾಣದ ಮಟ್ಟಿಗೆ ಬೇಡ. ಅದು ಬಿಸಿಲಿನಲ್ಲಿ ಪೂರ್ತಿ ಒಣಗಲೇಬೇಕು, ಇಲ್ಲಿ ಬಿಸಿಲೇ ಇರುವುದಿಲ್ಲ. ಮುಟ್ಟಿನ ಕಪ್ ಈಗಾಗಲೇ ಅಭ್ಯಾಸ ಇದ್ದರೆ ತುಂಬಾ ಅನುಕೂಲ, ಬಸ್ಸಿನಲ್ಲೂ ನಿಶ್ಚಿಂತೆ. ಹೊಸದಾಗಿ ಕಲಿಯುವುದು ಮನೆಯಲ್ಲೇ ಆಗಲಿ. ಕಪ್ಪನ್ನು ಸೋಪಿನಿಂದ ತೊಳೆದರೆ ಸೋಪು ಒಂದಿಷ್ಟೂ ಉಳಿಯಬಾರದು. ಯೋನಿಯ ಒಳಭಾಗವನ್ನು ಸೋಪು ಹಾಕಿ ತೊಳೆಯುವುದು ಬೇಡವೇ ಬೇಡ. ಹೊರಗೆ ಬರೀ ನೀರು ಸಾಕು.

ಬಳಸಿದ್ದನ್ನು ಸುತ್ತಲು ಹಳೆ ಪೇಪರ್, ಎರಡು ಮೂರು ಕಪ್ಪು ಕವರ್ ಇರಲಿ. ಎಲ್ಲ ಶೌಚಾಲಯದಲ್ಲೂ ಬುಟ್ಟಿ ಇರುವುದಿಲ್ಲ. ಕಮೋಡಿಗಂತೂ ಹಾಕಬಾರದು.

ನೇತ್ರಾವತಿ ತೀರ

ಬೆಳ್ತಂಗಡಿಯವನು ನಾನು. ದಯವಿಟ್ಟು ನದಿಯಲ್ಲಿ ಸೋಪು, ಶ್ಯಾಂಪೂ ಬಳಸಬೇಡಿ. ಇದನ್ನು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಸ್ನಾನಘಟ್ಟಗಳಲ್ಲಿ ಅರ್ಧ ಬಳಸಿದ ಸೋಪು, ಹರಿದ ಶ್ಯಾಂಪೂ ಸ್ಯಾಶೆ, ಬಿಟ್ಟುಹೋದ ಬಟ್ಟೆ ಎಷ್ಟು ಸೇರುತ್ತದೆ ಅಂತ ಆರಿಸಿದವರಿಗೇ ಗೊತ್ತು. 2025ರ ಮಾರ್ಚಿನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ಪುಣ್ಯಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ಒಳಗೆ ಸೋಪು, ಶ್ಯಾಂಪೂ ಮಾರದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಹಾಗಾಗಿ "ಅಲ್ಲೇ ಕೊಂಡರಾಯಿತು" ಅಂತ ಬರಬೇಡಿ. ಬೇಕಾದ್ದನ್ನು ಮನೆಯಿಂದ ತನ್ನಿ, ಸೋಪಿನ ಸ್ನಾನ ರೂಮಿನಲ್ಲೇ ಮುಗಿಸಿ. ಹೊಳೆಯಲ್ಲಿ ಬರೀ ಮುಳುಗು. ಸೀಗೆಪುಡಿ ಗಿಡದ್ದು, ಪರವಾಗಿಲ್ಲ ಅನ್ನುವವರಿದ್ದಾರೆ. ಅದನ್ನೂ ಹಾಕಬಾರದು. ನೊರೆ ಬಿಡುವ ಕಾಯಿಗಳ ರಸ ಮೀನಿಗೆ ವಿಷ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ.

ಇನ್ನೊಂದು. ಜೂನ್ ಕೊನೆಗೆ ಸುಬ್ರಹ್ಮಣ್ಯದ ಕುಮಾರಧಾರಾ ನದಿ ತುಂಬಿ ಹರಿಯುತ್ತಿರಬಹುದು, ಸ್ನಾನಘಟ್ಟ ಮುಳುಗುವುದೂ ಉಂಟು. ನೀರಿಗೆ ಇಳಿಯಬೇಡಿ ಅಂತ ಅಲ್ಲಿನವರು ಹೇಳಿದರೆ ಕೇಳಿ. ಒಂದು ತಂಬಿಗೆ ನೀರು ತಲೆಗೆ ಹೊಯ್ದುಕೊಂಡರೂ ಸ್ನಾನವೇ.

ಸಿಂಗಾಪುರದ ಕನ್ನಡತಿ

ನಮ್ಮಲ್ಲಿ ವರ್ಷವಿಡೀ ಇದೇ ಹವೆ. ವಿಮಾನದಲ್ಲಿ ಬರುವ ಕನ್ನಡಿಗರಿಗೆ ಎರಡು ಮಾತು. ಕೈಚೀಲದಲ್ಲಿ ದ್ರವ ಪದಾರ್ಥದ ಬಾಟಲಿ 100 ಮಿಲಿಲೀಟರ್ ಮೀರಬಾರದು. ಟೂತ್‌ಪೇಸ್ಟೂ ಅದೇ ಲೆಕ್ಕಕ್ಕೆ. ಗಟ್ಟಿ ಸೋಪಿಗೆ ಆ ಮಿತಿ ಇಲ್ಲ, ಶ್ಯಾಂಪೂ ಕೂಡ ಬಿಲ್ಲೆಯ ರೂಪದಲ್ಲಿ ಸಿಗುತ್ತದೆ. ರೂಮಿನಲ್ಲಿ ಎಸಿ ಇದ್ದರೆ ಅದು ಗಾಳಿಯ ತೇವ ಎಳೆದು ಹೊರಗೆ ಹಾಕುತ್ತದೆ. ಸೋಪು, ಟವೆಲು, ಬ್ರಷ್ಷು ಎಲ್ಲವನ್ನೂ ಬಚ್ಚಲಿನಿಂದ ತೆಗೆದು ರೂಮಿನೊಳಗೆ ಇಡಿ, ರಾತ್ರಿ ಕಳೆಯುವಷ್ಟರಲ್ಲಿ ಒಣಗಿರುತ್ತವೆ.

ಜವಾರಿಜೋಳ (ವಿಜಯಪುರ)

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆದಿರಿ, ಮನಸ್ಸು ತುಂಬಿತು. ಮಗಳಿಗೆ ನರ್ಸಕ್ಕನ ಮಾತು ಓದಿಸಿದೆ. ಅತ್ತೆಯವರನ್ನು ಲಾಡಿಯ ಜಾಗದ ಬಗ್ಗೆ ಕೇಳಿದೆ. ಈಗಾಗಲೇ ಸ್ವಲ್ಪ ಕಪ್ಪಾಗಿ ತುರಿಸುತ್ತದೆ ಅಂದರು! ನಾಳೆಯೇ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ.

ಕೊನೆಯ ಪ್ರಶ್ನೆ. ಅತ್ತೆಯವರಿಗೆ ಹಲ್ಲಿನ ಸೆಟ್ಟು ಇದೆ. ನೀವೆಲ್ಲ ಒಣಗಿಸಿ ಒಣಗಿಸಿ ಅನ್ನುತ್ತಿದ್ದೀರಿ. ಅದನ್ನೂ ರಾತ್ರಿ ಒಣಗಲು ಇಡಬೇಕಾ?

ದಂತವೈದ್ಯ (ದಾವಣಗೆರೆ)

ಬೇಡ ಅಕ್ಕಾ. ಅದೊಂದು ಮಾತ್ರ ಒದ್ದೆಯಲ್ಲೇ ಇರಬೇಕು. ಒಣಗಿದರೆ ಅದರ ಆಕಾರ ಸ್ವಲ್ಪ ಬದಲಾಗಿ ಒಸಡಿಗೆ ಸರಿಯಾಗಿ ಕೂರುವುದಿಲ್ಲ. ರಾತ್ರಿ ತೆಗೆದು, ಮೆತ್ತನೆ ಬ್ರಷ್ಷಿಗೆ ಒಂದು ಹನಿ ಲಿಕ್ವಿಡ್ ಸೋಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಕುಡಿಯುವ ತಣ್ಣೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ. ದಿನಾ ನೀರು ಬದಲಿಸಿ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಕುದಿಯುವ ನೀರಿಗೆ ಹಾಕಬೇಡಿ, ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ಅರ್ಧ ಬಕೆಟ್ ನೀರು ಇಟ್ಟುಕೊಳ್ಳಿ, ಕೈಜಾರಿದರೂ ಒಡೆಯುವುದಿಲ್ಲ. ಮೇಷ್ಟ್ರು ಹೇಳಿದ ಮೆದು ನೀರಿನಲ್ಲಿ ಕೈ ಜಾಸ್ತಿಯೇ ಜಾರುತ್ತದೆ.